ಪರರ ಭೂಮಿಯಲ್ಲಿ ಅತಿಥಿಯ ನಡತೆ

ಧ್ಯಾನಕ್ಕೆ: ಯಾಜಕಕಾಂಡ 17ನೆಯ ಅಧ್ಯಾಯ, 13ನೆಯ ವಚನ



ಬೇಟೆಯಾಡುವವರಿಗೆ ದೇವರ ವಾಕ್ಯದಲ್ಲಿ ಏನಾದರೂ ಅಪ್ಪಣೆಯುಂಟೋ ಎಂದು ಕೇಳಿದರೆ, ನಮ್ಮಲ್ಲಿ ಅನೇಕರು ನಿಮ್ರೋದನ ಹೆಸರನ್ನೂ ಏಸಾವನ ಹೆಸರನ್ನೂ ಜ್ಞಾಪಿಸಿಕೊಂಡು ಅಷ್ಟಕ್ಕೇ ಸುಮ್ಮನಾಗುವೆವು. ಆದರೆ ಮೇಲೆ ಕಾಣಿಸಿದ ವಚನದಲ್ಲಿ ಬೇಟೆಗಾರನಿಗೆಂದೇ ಕೊಡಲ್ಪಟ್ಟ ಒಂದು ಆಜ್ಞೆಯಿದೆ. ಇಸ್ರಾಯೇಲ್ಯನಾಗಲಿ, ಅವರ ನಡುವೆ ವಾಸಿಸುವ ಪರದೇಶಿಯಾಗಲಿ, ತಿನ್ನತಕ್ಕ ಮೃಗವನ್ನೋ ಪಕ್ಷಿಯನ್ನೋ ಬೇಟೆಯಾಡಿದರೆ, ಅದರ ರಕ್ತವನ್ನು ನೆಲಕ್ಕೆ ಸುರಿದು ಮಣ್ಣಿನಿಂದ ಮುಚ್ಚಬೇಕೆಂಬದೇ ಆ ಆಜ್ಞೆ. ಪ್ರಾಣವು ರಕ್ತದಲ್ಲಿರುವದರಿಂದಲೂ ಪ್ರಾಣವು ದೇವರದಾಗಿರುವದರಿಂದಲೂ ಹೀಗೆ ವಿಧಿಸಲ್ಪಟ್ಟಿತು. ಅಡವಿಯಲ್ಲಿ ನೋಡುವವರು ಯಾರೂ ಇಲ್ಲ, ಯಾಜಕನಿಲ್ಲ, ನ್ಯಾಯಾಧಿಪತಿಯಿಲ್ಲ. ಆದರೂ ಬೇಟೆಗಾರನು ಬಗ್ಗಿ, ಮಣ್ಣು ತೆಗೆದು, ಆ ಸ್ಥಳವನ್ನು ಮುಚ್ಚಿದ ಮೇಲೆಯೇ ಮಾಂಸವನ್ನು ಹೊತ್ತುಕೊಂಡು ಮನೆಗೆ ಹೋಗಬೇಕಾಗಿತ್ತು. ತನಗೆ ಬೇಕಾದದ್ದು ಕೈಸೇರಿದ ಕೂಡಲೇ ಅವನ ಕರ್ತವ್ಯವು ಮುಗಿಯಲಿಲ್ಲವೆಂಬದನ್ನು ನಾವು ಇಲ್ಲಿ ಕಲಿಯುತ್ತೇವೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಮೃಗಗಳ ಬೇಟೆಯನ್ನು ನಿಷೇಧಿಸಿದೆ. ಆದಕಾರಣ ಕೋವಿ ಹಿಡಿದೋ ಉರುಳು ಒಡ್ಡಿಯೋ ಜಿಂಕೆಯನ್ನೂ ಮೊಲವನ್ನೂ ಹಿಡಿದು, ಇದು ಹಿರಿಯರ ಕಾಲದ ವಾಡಿಕೆಯೆಂದು ನಾವು ನೆವ ಹೇಳಲಾಗದು. ಆದರೆ ಅಮೇರಿಕ ಮೊದಲಾದ ದೇಶಗಳಲ್ಲಿ ಸರಕಾರದ ಪರವಾನಗಿ ಪಡೆದು, ಗೊತ್ತುಮಾಡಿದ ಋತುವಿನಲ್ಲಿ ಬೇಟೆಯಾಡುವದು ಇಂದಿಗೂ ಉಂಟು. ಅಲ್ಲಿ ಬೇಟೆಗಾರರಲ್ಲಿ ಅನೇಕರಿಗೆ ಸ್ವಂತ ಭೂಮಿಯಿಲ್ಲ. ಅವರು ಒಕ್ಕಲಿಗನ ಹೊಲಕ್ಕೂ ತೋಪಿಗೂ ಅತಿಥಿಗಳಾಗಿ ಹೋಗುತ್ತಾರೆ. ಅವರಲ್ಲಿ ಒಳ್ಳೆಯವರು ಅನುಸರಿಸುವ ಕ್ರಮವನ್ನು ದೇವರ ವಾಕ್ಯದ ಬೆಳಕಿನಲ್ಲಿ ವಿಚಾರಿಸಿದರೆ, ಕೋವಿಯನ್ನು ಎಂದೂ ಮುಟ್ಟದ ನಮಗೂ ಅದರಲ್ಲಿ ಪಾಠವಿದೆ.

ಮೊದಲನೆಯದಾಗಿ, ಅತಿಥಿಯು ಅಪ್ಪಣೆ ಕೇಳಿ ಒಳಗೆ ಬರುವವನು. ಅಮೇರಿಕದ ಟೆಕ್ಸಸ್ ಸಂಸ್ಥಾನದಲ್ಲಿ ಬಹುಪಾಲು ಭೂಮಿಯು ಖಾಸಗಿಯವರದು. ಅಲ್ಲಿ 1997ರಿಂದ, ಮರಗಳ ಮೇಲಾಗಲಿ ಕಂಬಗಳ ಮೇಲಾಗಲಿ ನೇರಳೆ ಬಣ್ಣದ ಗೆರೆಯನ್ನು ವಿಧಿಯಂತೆ ಬಳಿದಿದ್ದರೆ, ಅಪ್ಪಣೆಯಿಲ್ಲದೆ ಒಳಗೆ ಬರಕೂಡದೆಂದೇ ಕಾನೂನಿನಲ್ಲಿ ಅರ್ಥ. ಗೋಡೆಯಿಲ್ಲ, ಕಾವಲುಗಾರನಿಲ್ಲ, ಗೇಣುದ್ದದ ಬಣ್ಣ ಮಾತ್ರ. ಆದರೂ ಸಜ್ಜನನು ಅದನ್ನು ಕಂಡು ನಿಲ್ಲುತ್ತಾನೆ. ಇಸ್ರಾಯೇಲ್ಯರು ಎದೋಮಿನ ಗಡಿಗೆ ಬಂದಾಗ ಏನು ಮಾಡಿದರು? ಅರಣ್ಯಕಾಂಡದ 20ನೆಯ ಅಧ್ಯಾಯವನ್ನು ಓದಿರಿ. ಹೊಲವನ್ನಾಗಲಿ ದ್ರಾಕ್ಷೇತೋಟವನ್ನಾಗಲಿ ತುಳಿಯುವದಿಲ್ಲ, ಬಾವಿಯ ನೀರನ್ನು ಕುಡಿಯುವದಿಲ್ಲ, ರಾಜಮಾರ್ಗವನ್ನು ಬಿಟ್ಟು ತಿರುಗುವದಿಲ್ಲವೆಂದು ಮೋಶೆಯು ದೂತರ ಮೂಲಕ ವಿನಯದಿಂದ ಬೇಡಿದನು. ಎದೋಮಿನ ಅರಸನು ಒಪ್ಪಲಿಲ್ಲ. ಆಗ ಅಷ್ಟು ದೊಡ್ಡ ಜನಾಂಗವು ನುಗ್ಗದೆ ಬೇರೆ ದಾರಿ ಹಿಡಿದು ಹೋಯಿತು. ಅಪ್ಪಣೆ ಕೇಳುವದು ಸುಲಭ. ಇಲ್ಲವೆಂಬ ಉತ್ತರವನ್ನು ಮುನಿಸಿಲ್ಲದೆ ಸಹಿಸುವದು ಕಷ್ಟ. ಆದರೆ ಇಲ್ಲವೆನ್ನುವ ಸ್ವಾತಂತ್ರ್ಯವು ಒಡೆಯನಿಗೆ ಇಲ್ಲದಿದ್ದರೆ ನಾವು ಕೇಳಿದ್ದು ಅಪ್ಪಣೆಯೇ ಅಲ್ಲ.

ನಾವು ಭೂಮಿಯಿಲ್ಲದವರು, ಈ ಮಾತು ಇದ್ದವರ ಪಕ್ಷದ್ದು ಎಂದು ಕೆಲವರು ಮನಸ್ಸಿನಲ್ಲಿ ಹೇಳಿಕೊಳ್ಳಬಹುದು. ಹಾಗಾದರೆ ರೂತಳನ್ನು ನೋಡಿರಿ. ಅವಳು ಬಡವೆ, ವಿಧವೆ, ಪರದೇಶದವಳು. ಹಕ್ಕಲಾಯುವದಕ್ಕೆ ಧರ್ಮಶಾಸ್ತ್ರವೇ ಬಡವರಿಗೆ ಹಕ್ಕು ಕೊಟ್ಟಿತ್ತು. ಆದರೂ ಅವಳು ಕೊಯ್ಯುವವರ ಮೇಲ್ವಿಚಾರಕನನ್ನು ಕೇಳಿಕೊಂಡೇ ಬೋವಜನ ಹೊಲದಲ್ಲಿ ತೆನೆಯನ್ನು ಆಯ್ದುಕೊಂಡಳು. ಅದರಿಂದ ಅವಳ ಮಾನವು ಕುಂದಲಿಲ್ಲ, ಹೆಚ್ಚಿತು. ಪರರ ಭೂಮಿಯ ಮೇರೆಯನ್ನು ಗೌರವಿಸುವ ಧರ್ಮವು ಬಲವಂತನಿಗೆ ಮಾತ್ರ ಬೇಲಿಯಲ್ಲ. ಅರಸನಾದ ಅಹಾಬನು ಆಶಿಸಿದ್ದು ನಾಬೋತನ ಪಿತ್ರಾರ್ಜಿತ ದ್ರಾಕ್ಷೇತೋಟವನ್ನಲ್ಲವೋ? ಆ ಬೇಲಿಯನ್ನು ನಾವು ಇಂದು ದೊಡ್ಡವರ ಕಡೆಯಲ್ಲಿ ಮುರಿದರೆ, ನಾಳೆ ನಮ್ಮ ಎರಡು ಗುಂಟೆ ಹಿತ್ತಲನ್ನು ಯಾವದು ಕಾಯುವದು?

ಎರಡನೆಯದಾಗಿ, ಅಪ್ಪಣೆಗೆ ಒಂದು ಮೇರೆಯುಂಟು. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದ ಕೊನೆಯಲ್ಲಿ ದೇವರು ಇದನ್ನು ಬಹು ಸೊಗಸಾಗಿ ತಿಳಿಸಿದ್ದಾನೆ. ನೆರೆಯವನ ದ್ರಾಕ್ಷೇತೋಟಕ್ಕೆ ಹೋದವನು ತೃಪ್ತಿಯಾಗುವಷ್ಟು ತಿನ್ನಬಹುದು, ಪುಟ್ಟಿಯಲ್ಲಿ ತುಂಬಬಾರದು. ಪೈರಿನಲ್ಲಿ ಕೈಯಿಂದ ತೆನೆ ಕೀಳಬಹುದು, ಕುಡುಗೋಲು ಹಾಕಬಾರದು. ಹಸಿದವನಿಗೂ ಒಡೆಯನಿಗೂ ನ್ಯಾಯ ದೊರೆಯಿತು. ಬೇಟೆಯ ಅತಿಥಿಯೂ ಹೀಗೆಯೇ ನಡೆಯತಕ್ಕವನು. ಒಬ್ಬನಿಗೆ ಸಿಕ್ಕಿದ ಅಪ್ಪಣೆಯು ಅವನ ನಾಲ್ಕು ಮಂದಿ ಗೆಳೆಯರಿಗೆ ಸಲ್ಲದು. ಈ ದಿನಕ್ಕೆ ಸಿಕ್ಕಿದ್ದು ಮುಂದಿನ ವರುಷಕ್ಕೆ ಸಲ್ಲದು. ಮಳೆಗೆ ನೆನೆದ ಹೊಲದ ದಾರಿಯಲ್ಲಿ ಬಂಡಿ ನಡಿಸಿ ಹಳ್ಳ ಬೀಳಿಸುವದು ಆತಿಥ್ಯಕ್ಕೆ ದ್ರೋಹ. ಬೇಲಿಯ ಬಾಗಿಲು ಮುಚ್ಚಿದ್ದರೆ ಮುಚ್ಚಿಯೇ ಹೋಗಬೇಕು. ತೆರೆದಿದ್ದರೆ ತೆರೆದೇ ಬಿಡಬೇಕು. ತೆರೆದದ್ದನ್ನು ಮುಚ್ಚಿದರೆ ದೋಷವೇನೆಂದು ಕೇಳುವಿರೋ? ಒಡೆಯನು ದನಗಳು ನೀರಿಗೆ ಹೋಗಲೆಂದು ತೆರೆದಿಟ್ಟಿರಬಹುದು. ನಮ್ಮ ಜಾಣತನದಿಂದ ಅವು ಬಾಯಾರಿ ನಿಂತಾವು. ಅತಿಥಿಯು ಮನೆಯ ಕ್ರಮವನ್ನು ತಿದ್ದುವವನಲ್ಲ, ಅದನ್ನು ಇದ್ದಂತೆಯೇ ಬಿಟ್ಟು ಹೋಗುವವನು.

ಮೂರನೆಯದಾಗಿ, ಅತಿಥಿಯು ತನ್ನ ಕಸವನ್ನು ತಾನೇ ಎತ್ತಿಕೊಂಡು ಹೋಗುವವನು. ಹಾರಿಸಿದ ಕೋವಿಯಿಂದ ಬೀಳುವ ಖಾಲಿ ತೋಟಾಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು. ಅವು ಮಣ್ಣಿನಲ್ಲಿ ಬಹುಕಾಲ ಕೊಳೆಯದೆ ಉಳಿಯುತ್ತವೆ. ಊಟದ ಪೊಟ್ಟಣ, ಶೀಸೆ, ಹಗ್ಗದ ತುಂಡು, ಇವೆಲ್ಲಾ ಬೇಟೆಗಾರನು ಹೋದ ಮೇಲೆ ಒಡೆಯನ ಪಾಲಿಗೆ ಉಳಿಯುವವು. ಕಣ್ಣಿಗೆ ಬೀಳದ ಕಸವೂ ಉಂಟು. ಕೆರೆಯಲ್ಲಿ ಬಿದ್ದ ಸೀಸದ ಚರೆಗಳನ್ನು ಬಾತುಗಳು ಹರಳುಗಳ ಸಂಗಡ ನುಂಗಿ, ಸೀಸದ ವಿಷದಿಂದ ಸಾಯುತ್ತಿದ್ದವು. ಆದ್ದರಿಂದ ಅಮೇರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ದೇಶವೆಲ್ಲಾ ನಿಷೇಧಿಸಲಾಯಿತು. ಬೇಟೆಗಾರನು ಅಡವಿಯಲ್ಲಿ ಬಿಟ್ಟ ಕರುಳಿನಲ್ಲಿ ಸೀಸದ ಚೂರುಗಳಿದ್ದರೆ ಅದನ್ನು ತಿಂದ ಹದ್ದುಗಳಿಗೂ ಅದೇ ಗತಿ. ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ 2019ರಿಂದ ಸಕಲ ಬೇಟೆಗೂ ಸೀಸದ ಗುಂಡುಗಳು ನಿಷಿದ್ಧ. ಒಬ್ಬನು ಅಲಕ್ಷ್ಯದಿಂದ ಬಿಟ್ಟುಹೋದದ್ದು ಅವನು ಎಂದೂ ಗುರಿಯಿಡದ ಜೀವಿಯನ್ನು ಕೊಂದಿತು. ನಮ್ಮ ಪಾಪಗಳಲ್ಲಿಯೂ ಅನೇಕವು ಇಂಥವೇ ಅಲ್ಲವೋ?

ದಂಡಿನ ಪಾಳೆಯದ ಹೊರಗೆ ಗುಂಡಿ ತೋಡಿ ಮಲವನ್ನು ಮುಚ್ಚಬೇಕೆಂದು ದೇವರು ಇಸ್ರಾಯೇಲ್ಯರಿಗೆ ವಿಧಿಸಿದನು. ಕಾರಣವೇನು? ದೇವರು ತಾನೇ ಆ ಪಾಳೆಯದೊಳಗೆ ಸಂಚರಿಸುತ್ತಿದ್ದನು. ನೆಲದ ಶುಚಿಯು ದೇವರ ಸನ್ನಿಧಿಗೆ ಸಂಬಂಧಪಟ್ಟದ್ದು. ಐದು ಸಾವಿರ ಮಂದಿ ಗಂಡಸರು ಉಂಡು ತೃಪ್ತರಾದ ಮೇಲೆ, ರೊಟ್ಟಿಯನ್ನು ಹೆಚ್ಚಿಸಬಲ್ಲ ಕರ್ತನೇ ಉಳಿದ ತುಂಡುಗಳನ್ನು ಕೂಡಿಸಿರೆಂದು ಶಿಷ್ಯರಿಗೆ ಅಪ್ಪಣೆ ಕೊಟ್ಟನು. ಹನ್ನೆರಡು ಪುಟ್ಟಿಗಳು ತುಂಬಿದವು. ಒಂದೂ ನಷ್ಟವಾಗಬಾರದೆಂಬದು ಆತನ ಚಿತ್ತ. ಹುಲ್ಲಿನ ಮೇಲೆ ಕೂತು ಉಂಡ ಜನರು ಎದ್ದುಹೋದ ಮೇಲೆ ತುಂಡುಗಳನ್ನು ಆಯ್ದುಕೊಳ್ಳುವದು ಶಿಷ್ಯರಿಗೆ ಕೀಳು ಕೆಲಸವಾಗಿ ತೋರಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ನಾವು ಬೇಟೆಗೆ ಹೋಗೆವು. ಆದರೆ ಪರರ ಭೂಮಿಯ ಮೇಲೆ ಕಾಲಿಡದೆ ನಮಗೆ ಒಂದು ದಿನವೂ ಸಾಗದು. ಸೌದೆಗೆ, ಹುಲ್ಲಿಗೆ, ಮೀನಿಗೆ, ಸಭೆಯ ವನಭೋಜನಕ್ಕೆ ನಾವು ಯಾರದೋ ಬದುವನ್ನು ದಾಟಿ, ಯಾರದೋ ಮಾವಿನ ತೋಪಿನಲ್ಲಿ ಕೂಡುತ್ತೇವೆ. ಕೀರ್ತನೆ ಹಾಡಿ ಪ್ರಾರ್ಥಿಸಿ ಎದ್ದು ಬಂದ ಮೇಲೆ ಅಲ್ಲಿ ಉಳಿಯುವದೇನು? ಪ್ಲಾಸ್ಟಿಕ್ ಲೋಟಗಳೂ ಎಂಜಲು ತುಂಬಿದ ಚೀಲಗಳೂ ಉಳಿದರೆ, ಮರುದಿನ ತೋಪಿನ ಒಡೆಯನು ಓದುವ ಸುವಾರ್ತೆ ಅದೇ. ಎಂಜಲಿನ ವಾಸನೆಗೆ ಚೀಲವನ್ನೂ ನುಂಗಿದ ಹಸುವು ಹೊಟ್ಟೆಯುಬ್ಬರದಿಂದ ಸಾಯುವದುಂಟು. ಒಡೆದ ಶೀಸೆಯ ಗಾಜು ಬರಿಗಾಲಲ್ಲಿ ಕಳೆ ಕೀಳಲು ಬರುವ ಕೂಲಿಯವಳ ಪಾದಕ್ಕೆ ನಾಟುವದು. ಅವಳು ನಮ್ಮ ಸಭೆಯವಳೇ ಆಗಿರಬಹುದು. ಆರಿಸದೆ ಬಿಟ್ಟ ಒಲೆಯ ಕಿಡಿಯಿಂದ ಬಣವೆ ಸುಟ್ಟರೆ, ಹೊತ್ತಿಸಿದವನೇ ನಷ್ಟವನ್ನು ತುಂಬಿಕೊಡಬೇಕೆಂದು ವಿಮೋಚನಕಾಂಡದ 22ನೆಯ ಅಧ್ಯಾಯವು ವಿಧಿಸುತ್ತದೆ. ತಿಳಿಯದೆ ಆಯಿತೆಂಬ ಮಾತು ಅಲ್ಲಿ ಸಲ್ಲದು.

ಆದಕಾರಣ ಸಭೆಯ ಹಿರಿಯರೇ, ಕೂಟಕ್ಕೆ ಸ್ಥಳವನ್ನು ಗೊತ್ತುಮಾಡುವಾಗ ಮೊದಲು ಒಡೆಯನ ಮನೆಗೆ ಹೋಗಿ ಕೇಳಿರಿ. ತಾಯಂದಿರೇ, ಅಡಿಗೆಯ ಪಾತ್ರೆಗಳ ಸಂಗಡ ಒಂದು ಖಾಲಿ ಗೋಣಿಚೀಲವನ್ನೂ ಕಟ್ಟಿಕೊಳ್ಳಿರಿ. ಯೌವನಸ್ಥರೇ, ಕಡೆಯ ಪ್ರಾರ್ಥನೆಯ ಆಮೆನ್ ಹೇಳಿದ ಮೇಲೆ ನೆಲವನ್ನು ಒಮ್ಮೆ ಸುತ್ತಿ ನೋಡಿರಿ. ನಮ್ಮದಲ್ಲದ ಕಸ ಬಿದ್ದಿದ್ದರೆ ಅದನ್ನೂ ಎತ್ತಿರಿ. ಹೊರಡುವಾಗ ಒಡೆಯನಿಗೆ ಕೃತಜ್ಞತೆಯ ಮಾತು ಹೇಳಿ, ಮಾಡಿದ ಅಡಿಗೆಯಲ್ಲಿ ಒಂದು ಪಾಲನ್ನು ಅವನ ಮನೆಗೂ ಕಳುಹಿಸಿರಿ. ಹೀಗೆ ನಡೆದವರಿಗೆ ಮುಂದಿನ ವರುಷ ಬಾಗಿಲು ತಾನಾಗಿಯೇ ತೆರೆದಿರುವದು.

ಸಮಸ್ತ ಭೂಮಿಯೂ ಕರ್ತನದು. ನಾವೆಲ್ಲರೂ ಅದರಲ್ಲಿ ಸ್ವಲ್ಪಕಾಲದ ಅತಿಥಿಗಳು. ಪಟ್ಟೆಯುಳ್ಳವನೂ ಇಲ್ಲದವನೂ ಒಂದು ದಿನ ಅದನ್ನು ಬಿಟ್ಟು ಹೊರಟು ಒಡೆಯನಿಗೆ ಲೆಕ್ಕ ಒಪ್ಪಿಸಬೇಕು. ನಾವು ನಿಂತ ನೆಲವನ್ನು ನಮ್ಮ ಹಿಂದೆ ಬರುವವರು ಶುಚಿಯಾಗಿ ಕಾಣುವ ಹಾಗೆ ನಡೆಯುವ ಕೃಪೆಯನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.