ಅವನು ಇನ್ನೂ ಮನುಷ್ಯನೇ?



ಭಯಾನಕ ಚಿತ್ರವೊಂದು ಎತ್ತುವ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಚಿತ್ರದ ಹೆಸರು 'ಸಮ್ಮರ್ ಕ್ಯಾಂಪ್'. 2015ರದು, ನಿರ್ದೇಶಕ ಆಲ್ಬೆರ್ಟೊ ಮರೀನಿ. ಸ್ಪೇನ್ ದೇಶದಲ್ಲೊಂದು ಮಕ್ಕಳ ಬೇಸಿಗೆ ಶಿಬಿರ. ಅದನ್ನು ನಡೆಸಲು ನಾಲ್ವರು ತರುಣ ಮೇಲ್ವಿಚಾರಕರು ಬಂದಿದ್ದಾರೆ. ಮಕ್ಕಳು ಬರುವ ಮೊದಲೇ ಅಲ್ಲಿ ಯಾವುದೋ ಸೋಂಕು ಹಬ್ಬುತ್ತದೆ. ತಗಲಿದವರು ಹುಚ್ಚೆದ್ದು ಜೊತೆಗಾರರ ಮೇಲೆಯೇ ಎರಗುತ್ತಾರೆ.

ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಸೋಂಕಿತನು ಸತ್ತಂತೆಯೇ ಲೆಕ್ಕ. ಅವನನ್ನು ಕೊಂದರೆ ನೋಡುವವರಿಗೆ ಮರುಕವಿಲ್ಲ. ಇಲ್ಲಿ ಹಾಗಲ್ಲ. ಸ್ವಲ್ಪ ಹೊತ್ತಿಗೆ ಉನ್ಮಾದ ಇಳಿದು ಮನುಷ್ಯ ಮೊದಲಿನಂತಾಗುತ್ತಾನೆ. ಹಾಗಾದರೆ ಹೊಡೆದು ಕೆಡವಿದ್ದು ಯಾರನ್ನು? ರಾಕ್ಷಸನನ್ನಲ್ಲ, ರೋಗಿಯನ್ನು.

ಪ್ರಾಣರಕ್ಷಣೆ ತಪ್ಪೇ? ಅಲ್ಲ. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಆತ್ಮರಕ್ಷಣೆಯನ್ನು ಒಪ್ಪುತ್ತಾರೆ. ಆದರೆ ಅಗತ್ಯಕ್ಕೆ ಮೀರಿದ ಬಲಪ್ರಯೋಗ ನ್ಯಾಯವಲ್ಲವೆಂದು ಮಿತಿ ಹಾಕುತ್ತಾರೆ. ಬಾಗಿಲಿಗೆ ಅಗುಳಿ ಹಾಕಿ ಬದುಕಬಹುದಾದಲ್ಲಿ ಕೊಡಲಿ ಎತ್ತುವಂತಿಲ್ಲ. 'ಅವನೀಗ ಮನುಷ್ಯನೇ ಅಲ್ಲ' ಎಂದುಕೊಂಡ ಕ್ಷಣವೇ ಆ ಮಿತಿ ಅಳಿಸಿಹೋಗುತ್ತದೆ.

ಇದು ಬರಿಯ ಸಿನಿಮಾ ಕಥೆಯಲ್ಲ. 2020ರಲ್ಲಿ ಕೊರೊನಾದಿಂದ ಗುಣವಾಗಿ ಆಸ್ಪತ್ರೆಯಿಂದ ಮರಳಿದವರನ್ನೂ ದೂರವಿಟ್ಟ ನೆರೆಹೊರೆಯವರಿದ್ದರು. ರೋಗವಿದ್ದಾಗ ಅಂತರ ಕಾಯ್ದದ್ದು ವಿವೇಕ. ರೋಗ ಹೋದ ಮೇಲೂ ಮುಖ ತಿರುಗಿಸಿದ್ದನ್ನು ಏನೆನ್ನೋಣ?

ಹೆದರಿ ಬಾಗಿಲು ಮುಚ್ಚುವ ಗಳಿಗೆ ನಮ್ಮ ಮನೆಗೂ ಬಂದೀತು. ಮುಚ್ಚಬೇಕಾದರೆ ಮುಚ್ಚೋಣ. ಆದರೆ ಹೊರಗೆ ನಿಂತವನ ಹೆಸರನ್ನು ಮರೆಯದಿರೋಣ. ನಾಳೆ ಅವನು ಗುಣವಾಗಿ ಬಂದು ಅದೇ ಬಾಗಿಲು ತಟ್ಟಿಯಾನು.