ಕಡಲೂ ಬೆಟ್ಟವೂ ಶ್ರಾವಕನ ಮಿತಿಯೂ

ಪ್ರಕೃತಿಯ ಸೊಬಗನ್ನು ಸವಿಯುವುದು ಶ್ರಾವಕನಿಗೆ ಧರ್ಮಸಮ್ಮತವೇ? ಅಥವಾ ಅದೂ ಕಣ್ಣಿನ ಮೂಲಕ ನಡೆಯುವ ಒಂದು ಭೋಗವೇ? ನಾಲಿಗೆಯ ಚಾಪಲ್ಯವನ್ನು ಗೆಲ್ಲುವುದಕ್ಕಾಗಿ ಅಷ್ಟಮಿ-ಚತುರ್ದಶಿಗಳಂದು ಉಪವಾಸ ಮಾಡುವವರೂ, ಸೂರ್ಯಾಸ್ತದ ಮೊದಲೇ ಊಟ ಮುಗಿಸುವವರೂ ಜೈನರ ಮನೆಗಳಲ್ಲಿ ಅನೇಕರಿದ್ದಾರೆ. ಆದರೆ ಚಕ್ಷುರಿಂದ್ರಿಯದ ವಿಷಯದಲ್ಲಿ ಅಷ್ಟು ಎಚ್ಚರ ಕಾಣುವುದಿಲ್ಲ. ರಜೆ ಬಂದೊಡನೆ ಕುಟುಂಬಗಳು ಕಡಲತೀರಕ್ಕೂ ಗಿರಿಧಾಮಕ್ಕೂ ಹೊರಡುವ ಈ ಕಾಲದಲ್ಲಿ ಈ ಪ್ರಶ್ನೆಯನ್ನು ವಿಚಾರ ಮಾಡುವುದು ಅವಶ್ಯ.

ನಿಪ್ಪಾಣಿ ತಾಲೂಕಿನ ಗಡಿಗ್ರಾಮವಾದ ಕೊಗನೊಳ್ಳಿಯ ಒಂದು ಶ್ರಾವಕ ಕುಟುಂಬದಲ್ಲಿ ಈ ಪ್ರಶ್ನೆ ಊಟದ ಪಂಕ್ತಿಯಲ್ಲಿಯೇ ಎದ್ದಿತು. ಮಗ-ಸೊಸೆ ಮಕ್ಕಳೊಂದಿಗೆ ಕಾರವಾರಕ್ಕೆ ಹೋಗಲು ನಿಶ್ಚಯಿಸಿ, ಮನೆಯ ಹಿರಿಯರನ್ನೂ ಕರೆದರು. ಹಿರಿಯರು ಮುನಿಗಳ ಸಮ್ಮುಖದಲ್ಲಿ ವ್ರತಗಳನ್ನು ಸ್ವೀಕರಿಸಿದವರು. "ಶ್ರವಣಬೆಳಗೊಳಕ್ಕ ಕರದ್ರ ಬರ್ತೀನಿ. ಬರೇ ನೀರು ನೋಡಾಕ ಅಷ್ಟು ದೂರ ಯಾಕ?" ಎಂದರು. ಎಂಟು ವರ್ಷದ ಮೊಮ್ಮಗಳು, "ಅಜ್ಜಾ, ಸಮುದ್ರ ನೋಡಿದ್ರ ಪಾಪ ಬರ್ತೈತೇನು?" ಎಂದು ಕೇಳಿದಳು. ಹಿರಿಯರು ಉತ್ತರ ಕೊಡದೆ ಕೈತೊಳೆಯಲು ಎದ್ದರು.

ಅವರ ಹಿಂಜರಿಕೆಗೆ ಶಾಸ್ತ್ರದ ಆಧಾರವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುತ್ತ ಪ್ರಮಾದಚರ್ಯೆಯನ್ನು ವಿವರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಾಳಿ ಬೀಸುವುದು, ಗಿಡಬಳ್ಳಿ ಕೀಳುವುದು ಇವುಗಳ ಜೊತೆಗೆ ವ್ಯರ್ಥವಾಗಿ ತಿರುಗಾಡುವುದನ್ನೂ, ಇತರರನ್ನು ತಿರುಗಾಡಿಸುವುದನ್ನೂ ಅವರು ಅದರಲ್ಲಿ ಸೇರಿಸಿದ್ದಾರೆ. ವಿಹಾರಕ್ಕೆಂದು ಹೊರಟವರು ಇವೆಲ್ಲವನ್ನೂ ಒಂದೇ ದಿನದಲ್ಲಿ ಮಾಡಿ ಮುಗಿಸುವುದು ಅಪರೂಪವಲ್ಲ.

ಹಾಗಾದರೆ ಕಣ್ಣು ಮುಚ್ಚಿಕೊಳ್ಳುವುದೇ ಧರ್ಮವೇ? ಇದೇ ಪ್ರಶ್ನೆಯನ್ನು ಕಾರವಾರದಲ್ಲಿಯೇ ಒಬ್ಬ ಮಹಾಕವಿ ಎದುರಿಸಿದ್ದುಂಟು. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸಹ್ಯಾದ್ರಿಯ ಸಾಲು, ಬಡಗಣಕ್ಕೆ ಕಾಳೀ ನದಿಯ ಮುಖ, ಅದರಾಚೆ ಸದಾಶಿವಗಡ. ಇವುಗಳ ನಡುವಿನ ಸಣ್ಣ ಜಾಗದಲ್ಲಿ ಈ ಪಟ್ಟಣ ನೆಲೆಸಿದೆ. 1880ರ ದಶಕದ ಮೊದಲ ವರ್ಷಗಳಲ್ಲಿ ತರುಣ ರವೀಂದ್ರನಾಥ ಠಾಕೂರರು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದರು. ಬೆಳದಿಂಗಳಿನಲ್ಲಿ ಕಾಳೀ ನದಿಯ ಮೇಲೆ ದೋಣಿಯಲ್ಲಿ ಹೋಗಿಬಂದುದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ದಾಖಲಿಸಿದ್ದಾರೆ. ಇಂದು ಅಲ್ಲಿಯ ಕಡಲತೀರಕ್ಕೆ ಅವರ ಹೆಸರೇ ಇದೆ.

ಕಾರವಾರದಲ್ಲಿ ಅವರು ಬರೆದ ನಾಟಕ, 1884ರಲ್ಲಿ ಪ್ರಕಟವಾದ 'ಪ್ರಕೃತಿಯ ಪ್ರತಿಶೋಧ'. ಅದರಲ್ಲಿ ಒಬ್ಬ ಸಂನ್ಯಾಸಿ ಪ್ರಕೃತಿಯನ್ನೂ ಮಮತೆಯನ್ನೂ ಸಂಪೂರ್ಣ ಗೆದ್ದೆನೆಂದು ಭಾವಿಸುತ್ತಾನೆ. ಸಮಾಜ ಹೊರಗಿಟ್ಟ ಒಬ್ಬ ಅನಾಥ ಬಾಲಿಕೆ ಅವನ ಆಶ್ರಯಕ್ಕೆ ಬರುತ್ತಾಳೆ. ಮನಸ್ಸು ಕರಗುವುದನ್ನು ಕಂಡು ಭಯಪಟ್ಟು ಅವನು ಅವಳನ್ನು ತೊರೆದು ಹೋಗುತ್ತಾನೆ. ಪಶ್ಚಾತ್ತಾಪದಿಂದ ಮರಳಿ ಬರುವಷ್ಟರಲ್ಲಿ ಅವಳು ತೀರಿಕೊಂಡಿರುತ್ತಾಳೆ. ಸೀಮಿತವಾದುದರಲ್ಲಿಯೇ ಅಸೀಮವಾದುದನ್ನು ಕಾಣಬೇಕು ಎಂಬುದು ಕವಿಯ ತಾತ್ಪರ್ಯ.

ಇದನ್ನು ವೈರಾಗ್ಯದ ಖಂಡನೆಯೆಂದು ತಿಳಿದು ಜೈನನು ಬೇಸರಪಡಬೇಕಾದ ಕಾರಣವಿಲ್ಲ. ರಾಗವನ್ನು ಬಿಟ್ಟು ದ್ವೇಷವನ್ನು ಹಿಡಿಯುವುದು ವೀತರಾಗಮಾರ್ಗವಲ್ಲ. ಲೋಕವನ್ನು ತಿರಸ್ಕರಿಸುವ ಮನಸ್ಸಿನಲ್ಲಿ 'ನಾನು ಗೆದ್ದೆ' ಎಂಬ ಮಾನಕಷಾಯ ಉಳಿದೇ ಇರುತ್ತದೆ. ಆ ಸಂನ್ಯಾಸಿಯಲ್ಲಿ ಇಲ್ಲದಿದ್ದುದು ಭೋಗವಲ್ಲ, ಕರುಣೆ. ಜಗತ್ತಿನ ಮತ್ತು ಶರೀರದ ಸ್ವಭಾವವನ್ನು ಚಿಂತಿಸುವುದು ಸಂವೇಗಕ್ಕೂ ವೈರಾಗ್ಯಕ್ಕೂ ಸಾಧನವೆಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ನೋಡದೆ ಚಿಂತಿಸುವುದು ಹೇಗೆ? ಪಂಪನ ಆದಿಪುರಾಣವನ್ನು ಓದಿದವರಿಗೆ ನೀಲಾಂಜನೆಯ ಪ್ರಸಂಗ ಗೊತ್ತು. ಆದಿನಾಥರು ಆ ನೃತ್ಯವನ್ನು ನೋಡುತ್ತಿದ್ದರು. ಚೆನ್ನಾಗಿ ನೋಡುತ್ತಿದ್ದುದರಿಂದಲೇ ನಡುವೆ ಆಕೆ ಮರೆಯಾದುದು ಅವರೊಬ್ಬರಿಗೆ ಅರಿವಾಯಿತು. ಅಜಿತನಾಥರಿಗೆ ಉಲ್ಕಾಪಾತವೂ ಸಂಭವನಾಥರಿಗೆ ಕರಗಿದ ಮೋಡವೂ ವೈರಾಗ್ಯದ ನಿಮಿತ್ತಗಳಾದವು. ಆಕಾಶದ ಕಡೆ ಕಣ್ಣೆತ್ತದವನಿಗೆ ಆ ನಿಮಿತ್ತ ಒದಗುತ್ತಿರಲಿಲ್ಲ. ಆದ್ದರಿಂದ ಕಾಣುವುದು ದೋಷವಲ್ಲ. ಕಂಡದ್ದನ್ನು 'ನನಗೆ ಬೇಕು' ಎನ್ನುವ ಮೂರ್ಛೆಯೇ ದೋಷ.

ಇನ್ನು ಲೋಕದೃಷ್ಟಿ. ಇತರರಿಗೆ ಪ್ರಕೃತಿಯೆಂಬುದು ಒಂದು ದೃಶ್ಯ. ಜೈನನಿಗೆ ಅದು ಜೀವರಾಶಿ. ಮಣ್ಣು, ನೀರು, ಬೆಂಕಿ, ಗಾಳಿ, ಸಸ್ಯ ಇವೆಲ್ಲವೂ ಏಕೇಂದ್ರಿಯ ಜೀವಗಳ ಕಾಯ. ಶಂಖ ಮತ್ತು ಸಿಂಪಿಗಳು ದ್ವೀಂದ್ರಿಯ ಜೀವಗಳಿಗೆ ಶಾಸ್ತ್ರಗಳು ಕೊಡುವ ಪ್ರಸಿದ್ಧ ಉದಾಹರಣೆಗಳು. ಕಡಲತೀರದಲ್ಲಿ ಮಕ್ಕಳು ಮೊದಲು ಕೈಹಾಕುವುದು ಇವುಗಳಿಗೇ. ಚಿಪ್ಪು ಬರಿದಾಗಿದೆಯಲ್ಲ ಎಂದು ಹಿರಿಯರು ಸಮಾಧಾನ ಹೇಳಬಹುದು. ಆದರೆ ಮೆದು ಮೈಯ ಒಂದು ಜಾತಿಯ ಏಡಿಗಳಿಗೆ ಆ ಬರಿದಾದ ಶಂಖವೇ ಮನೆ. ಮೈ ಬೆಳೆದಂತೆ ಅವು ಇನ್ನೂ ದೊಡ್ಡ ಶಂಖವನ್ನು ಹುಡುಕಿಕೊಂಡು ಹೋಗುತ್ತವೆ. ಕಪಾಟಿನ ಅಲಂಕಾರಕ್ಕೆಂದು ತಂದ ಶಂಖವು ಒಂದು ಜೀವಕ್ಕೆ ತಪ್ಪಿಸಿದ ಮನೆಯಾಗಬಹುದು. ಕಣ್ಣು ಎಷ್ಟು ನೋಡಿದರೂ ಕಡಲು ಕಡಿಮೆಯಾಗುವುದಿಲ್ಲ. ಕೈ ಎತ್ತಿಕೊಂಡಷ್ಟೂ ಕಡಿಮೆಯಾಗುತ್ತದೆ.

ಇಲ್ಲಿ ದಿಗ್ವ್ರತದ ಮಹತ್ವ ತಿಳಿಯುತ್ತದೆ. ಹತ್ತು ದಿಕ್ಕುಗಳಿಗೂ ಮಿತಿ ಹಾಕಿಕೊಳ್ಳಲು ಪ್ರಸಿದ್ಧವಾದ ಗುರುತುಗಳನ್ನು ಹೇಳುವಾಗ ಸಮಂತಭದ್ರರು ಮೊದಲು ಹೆಸರಿಸುವುದು ಸಮುದ್ರವನ್ನು. ನಂತರ ನದಿ, ಅರಣ್ಯ, ಪರ್ವತಗಳನ್ನು. ಇಂದಿನ ಪ್ರವಾಸಿಗನಿಗೆ ಆಕರ್ಷಣೆಯಾದವುಗಳೇ ಶಾಸ್ತ್ರದಲ್ಲಿ ಶ್ರಾವಕನ ಆಸೆಗೆ ಎಲ್ಲೆಗಳು. ಇಷ್ಟರಿಂದಾಚೆಗೆ ತನ್ನ ವ್ಯಾಪಾರವೂ ಇಲ್ಲ, ತನ್ನಿಂದಾಗುವ ಸೂಕ್ಷ್ಮ ಪಾಪವೂ ಇಲ್ಲ ಎಂಬ ನಿಶ್ಚಯದಿಂದ ಅಣುವ್ರತಿಯು ಆ ಎಲ್ಲೆಯ ಹೊರಗೆ ಮಹಾವ್ರತಿಗೆ ಸಮಾನನಾಗುತ್ತಾನೆ.

ಕಾರವಾರದಂತೆಯೇ ಕಡಲು-ಬೆಟ್ಟಗಳ ನಡುವೆ ನೆಲೆಸಿದ ಜಪಾನಿನ ಕೋಬೆ ನಗರ ಈ ಮಾತಿಗೆ ಎರಡೂ ಕಡೆಯಿಂದ ನಿದರ್ಶನ ಒದಗಿಸುತ್ತದೆ. ಅಲ್ಲಿ 1985ರಲ್ಲಿ ಕಟ್ಟಿದ ಮಹಾವೀರಸ್ವಾಮಿ ಜಿನಾಲಯವಿದೆ. ಅಲ್ಲಿಯ ಜೈನ ಕುಟುಂಬಗಳಲ್ಲಿ ಅನೇಕರು ಮುತ್ತಿನ ವರ್ತಕರು. ಸಿಂಪಿಯ ಜೀವದೊಡನೆ ಆ ವ್ಯಾಪಾರ ಹೇಗೆ ಹೊಂದುತ್ತದೆಂಬ ಪ್ರಶ್ನೆ ಕಠಿಣವಾದುದು. ಹೊಗೆಸೊಪ್ಪಿನ ಸೀಮೆಯ ವರ್ತಕರು ಅದನ್ನು ಇತರರಿಗೆ ಕೇಳುವ ಮೊದಲು ತಮ್ಮ ಅಂಗಡಿಗೂ ಕೇಳಿಕೊಳ್ಳಬೇಕು. ಕೋಬೆಯ ಹಿಂದಿನ ರೊಕ್ಕೋ ಬೆಟ್ಟಗಳು ಒಂದು ಕಾಲಕ್ಕೆ ಬೋಳಾಗಿದ್ದವು. 20ನೆಯ ಶತಮಾನದ ಆರಂಭದಿಂದ ಮರ ನೆಟ್ಟು ಅವನ್ನು ಹಸಿರು ಮಾಡಿದರು. ನಿತ್ಯ ಬೆಳಿಗ್ಗೆ ಮನೆಯ ಹಿಂದಿನ ಬೆಟ್ಟ ಹತ್ತಿ ಇಳಿಯುವ ರೂಢಿ ಅಲ್ಲಿಯ ನಾಗರಿಕರಲ್ಲಿದೆ. ಆದರೆ ಅದೇ ನಗರ ಜಾಗ ಸಾಲದೆ ಬೆಟ್ಟಗಳನ್ನು ಕಡಿದು, ಆ ಮಣ್ಣನ್ನು ಕಡಲಿಗೆ ತುಂಬಿ, 1966ರಿಂದ 1981ರ ಅವಧಿಯಲ್ಲಿ ಒಂದು ಕೃತಕ ದ್ವೀಪವನ್ನೇ ಕಟ್ಟಿತು. 1995ರ ಜನವರಿ 17ರ ಭೂಕಂಪಕ್ಕೆ ಅದು ಕಾರಣವಲ್ಲ. ಆದರೆ ಅಂದು ಆ ತುಂಬಿದ ನೆಲ ಕೆಸರಿನಂತೆ ಸಡಿಲಾಯಿತು.

ದೂರದ ಮಾತೇಕೆ? ಕಾರವಾರಕ್ಕೆ ಹೊಂದಿದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಪ್ರಾಣಹಾನಿಯಾಯಿತು. ಬೆಟ್ಟವನ್ನು ನೋಡಲು ಹೋಗುವವರಿಗಾಗಿಯೂ ಬೆಟ್ಟವನ್ನು ಕಡಿಯಲಾಗುತ್ತದೆ ಎಂಬುದನ್ನು ಪ್ರವಾಸಿಯಾದ ಶ್ರಾವಕನು ಮರೆಯಬಾರದು. ಅವನ ಪಾಲೂ ಅದರಲ್ಲಿ ಸೇರಿದೆ.

ಕೊಗನೊಳ್ಳಿಯ ಆ ಹಿರಿಯರು ಎರಡು ದಿನ ಬಿಟ್ಟು ಮೊಮ್ಮಗಳಿಗೆ ಉತ್ತರ ಕೊಟ್ಟರು. ಅವರು ವ್ರತ ಸ್ವೀಕರಿಸಿದಾಗ ಪಡುವಣ ದಿಕ್ಕಿನ ಎಲ್ಲೆಯೆಂದು ಹೇಳಿದ್ದು ಸಮುದ್ರವನ್ನೇ; ಆದರೆ ಆಯುಷ್ಯದಲ್ಲಿ ಒಮ್ಮೆಯೂ ಅದನ್ನು ಕಂಡಿರಲಿಲ್ಲ. "ನೋಡಿದ್ರ ಪಾಪ ಇಲ್ಲವಾ ಕೂಸ. ನನ್ನ ಗಡಿ ಎಲ್ಲೈತಿ ಅಂತ ನಾನೂ ಒಮ್ಮೆ ನೋಡ್ತೀನಿ" ಎಂದರು. ಸೋಸಿದ ನೀರು, ಹಗಲಿನ ಊಟ, ಬರಿಗೈಲಿ ಮರಳುವುದು ಎಂಬ ಮೂರು ನಿಯಮಗಳೊಂದಿಗೆ ಕುಟುಂಬ ಹೊರಟಿತು. ತೀರದಲ್ಲಿ ಬಾಲಿಕೆ ಎತ್ತಿಕೊಂಡ ಶಂಖದಿಂದ ಸಣ್ಣ ಕಾಲುಗಳು ಹೊರಬಂದವು. ಅವಳು ಅದನ್ನು ಎತ್ತಿದ ಜಾಗದಲ್ಲಿಯೇ ಇಟ್ಟು ಅಜ್ಜನ ಪಕ್ಕದಲ್ಲಿ ಬಂದು ನಿಂತಳು. ಸೂರ್ಯ ಮುಳುಗುವ ಹೊತ್ತಿಗೆ ಹಿರಿಯರು ಅಲ್ಲಿಯೇ ಮರಳಿನ ಮೇಲೆ ಸಾಮಾಯಿಕಕ್ಕೆ ಕುಳಿತರು.

ಹೀಗೆ ನೋಡಲು ಕಲಿತವನಿಗೆ ಕಾರವಾರವೂ ಕೋಬೆಯೂ ಅನಿವಾರ್ಯವಲ್ಲ. ಆಚಾರ್ಯ ಶಾಂತಿಸಾಗರರು ಬೆಳೆದ ಭೋಜ ಗ್ರಾಮದ ಬಳಿ ವೇದಗಂಗಾ-ದೂಧಗಂಗಾ ನದಿಗಳು ಕೂಡುತ್ತವೆ. ಸ್ತವನಿಧಿಯ ಗುಡ್ಡ ಹತ್ತಿರದಲ್ಲಿಯೇ ಇದೆ. ಕ್ಷೇತ್ರಗಳ ವ್ಯವಸ್ಥಾಪಕ ಮಂಡಳಿಗಳು ಹೊಸ ಕಟ್ಟಡಕ್ಕೆ ಗುಡ್ಡ ಅಗೆಸುವ ಮೊದಲು ಅದು ಸಾರ್ಥವೋ ಅನರ್ಥವೋ ಎಂದು ಒಮ್ಮೆ ಕೇಳಿಕೊಳ್ಳಲಿ. ಇದ್ದ ಮರಗಳನ್ನು ದೇವದ್ರವ್ಯದಂತೆ ಕಾಯಲಿ. ಧರ್ಮಬಂಧುಗಳು ಪ್ರವಾಸಕ್ಕೆ ಹೊರಡುವ ಮುನ್ನ ಎಷ್ಟು ದೂರ ಎಂಬುದರ ಜೊತೆಗೆ ಎಷ್ಟಕ್ಕೆ ಸಾಕು ಎಂಬುದನ್ನೂ ನಿಶ್ಚಯಿಸಲಿ. ಮಿತಿಯನ್ನು ಅರಿತವನ ಕಣ್ಣಿಗೆ ಕಡಲು ಭೋಗವಾಗುವುದಿಲ್ಲ, ಭಾವನೆಯಾಗುತ್ತದೆ.