ತ್ವರೆಯ ಯಾತ್ರೆಯೂ ಕಲೆಯ ಮನ್ನಣೆಯೂ

ನಟನಾಗಿಯೂ ನಿರ್ದೇಶಕನಾಗಿಯೂ ಹೆಸರಾದವನೊಬ್ಬನು ಚಲಚ್ಚಿತ್ರೋತ್ಸವಕ್ಕೆ ಹೋಗಿಬರುವ ರೀತಿಯನ್ನು ವಾಚಕರು ವರ್ತಮಾನಪತ್ರಗಳಲ್ಲಿ ಓದಿಯೇ ಇರುವರು. ಬೆಳಿಗ್ಗೆ ವಿಮಾನ, ಮಧ್ಯಾಹ್ನ ಪ್ರದರ್ಶನ, ಸಂಜೆ ಪ್ರಶ್ನೋತ್ತರ, ರಾತ್ರಿ ಸತ್ಕಾರ. ಮರುದಿನ ಮತ್ತೆ ತನ್ನ ಕೆಲಸದ ಠಾವಿಗೆ. ಊರನ್ನು ಕಂಡುದಿಲ್ಲ, ಪರರ ಕೃತಿಯನ್ನು ನೋಡಿದುದಿಲ್ಲ. ಇಂತಹ ಬಿರುಗಾಳಿಯ ಸಂಚಾರದಿಂದ ಕಲೆಗೆ ಬರುವ ಲಾಭವೇನು? ಹೀಗೆ ದೊರೆತ ಮನ್ನಣೆಯು ಮನ್ನಣೆಯೆ? ಪ್ರಶ್ನೆಯು ಮೇಲ್ನೋಟಕ್ಕೆ ಲಘುವಾಗಿ ಕಂಡರೂ ಇದರೊಳಗೆ ಧರ್ಮವಿಚಾರವೊಂದು ಅಡಗಿರುವದು. ಕಲಾವಿದನು ತನ್ನ ಕೃತಿಯ ಬೆಲೆಯನ್ನು ಯಾರಿಂದ ತಿಳಿಯಬೇಕು? ಅದರ ಸಲುವಾಗಿ ಎಷ್ಟು ದೂರ ಹೋಗಬೇಕು?

ನಾಟಕ ಮಂಡಳಿಗಳ ಕಾಲವನ್ನು ಬಲ್ಲವರು ಒಡನೆ ಆಕ್ಷೇಪವನ್ನು ತೆಗೆಯುವರು. ಗದಗಿನ ಗರುಡ ಸದಾಶಿವರಾಯರು ತಾವೇ ನಟರು, ತಾವೇ ನಾಟಕವನ್ನು ಕಲಿಸುವವರು. ಅವರ ದತ್ತಾತ್ರೇಯ ನಾಟಕ ಮಂಡಳಿಯು ಊರೂರು ತಿರುಗಿತು. ಆದರೆ ಆ ತಿರುಗಾಟದ ಬಗೆಯೇ ಬೇರೆ. ಅಂದಿನ ಮಂಡಳಿಗಳು ಒಂದು ಊರಿನಲ್ಲಿ ಮೊಕ್ಕಾಮು ಮಾಡಿದರೆ ವಾರಗಟ್ಟಲೆ ಇರುವವು. ಇಂದು ನೋಡಿದವನು ನಾಳೆ ನೆರೆಯವನನ್ನು ಕರೆತರುವನು. ಮೊದಲ ರಾತ್ರಿ ಚಪ್ಪಾಳೆ ಹೊಡೆದವನು ಮೂರನೆಯ ರಾತ್ರಿ ತಪ್ಪನ್ನು ಎತ್ತಿ ತೋರಿಸುವನು. ಕೀರ್ತಿಯು ಬೀಜದಂತೆ ನೆಲದಲ್ಲಿ ಕೆಲವು ಕಾಲ ಇದ್ದು ಮೊಳೆಯುವದು. ಎರಡು ದಿನದ ಉತ್ಸವಯಾತ್ರೆಗೆ ಈ ಪಾಕವು ಎಲ್ಲಿಂದ ಬರಬೇಕು?

ಆಕ್ಷೇಪವು ಬಲವಾದುದೇ ಸರಿ, ಆದರೆ ಪೂರ್ಣವಲ್ಲ. ಯಾತಕ್ಕೆಂದರೆ, ತಜ್ಞರು ಕೂಡಿ ಕುಳಿತು ಪ್ರಯೋಗವನ್ನು ಪರೀಕ್ಷಿಸುವದು ಈಚಿನ ಪಶ್ಚಿಮದ ಪದ್ಧತಿಯೇನೂ ಅಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಸಿದ್ಧಿಯನ್ನು ವಿವೇಚಿಸುವಲ್ಲಿ ಪ್ರಾಶ್ನಿಕರೆಂಬ ಪರೀಕ್ಷಕರನ್ನು ಹೇಳಿದೆ. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ಅಸ್ತ್ರವಿದ್ಯೆಯವನು, ಚಿತ್ರಕಾರ, ವೇಶ್ಯೆ, ಗಾಯಕ ಮೊದಲಾದವರು ಅವರಲ್ಲಿರುವರು. ಒಬ್ಬೊಬ್ಬನೂ ತಾನು ಬಲ್ಲ ವಿಷಯಕ್ಕೆ ಮಾತ್ರ ಪ್ರಮಾಣ. ಪೈಪೋಟಿಯಲ್ಲಿ ಗೆದ್ದವನಿಗೆ ಪತಾಕೆಯನ್ನು ಕೊಡುವ ಮಾತೂ ಅಲ್ಲಿ ಬಂದಿದೆ. ವೆನಿಸಿನಲ್ಲಿ 1932ರಲ್ಲಿಯೂ ಭಾರತದಲ್ಲಿ 1952ರಲ್ಲಿಯೂ ಮೊದಲಾದ ಉತ್ಸವಗಳು ಈ ಪತಾಕೆಯ ವಂಶದವೇ ಎಂದರೆ ತಪ್ಪಾಗದು. ಸ್ವಗ್ರಾಮದ ಪ್ರೇಕ್ಷಕನಿಗೆ ಪ್ರೀತಿಯುಂಟು, ಅದರೊಡನೆ ಪಕ್ಷಪಾತವೂ ಉಂಟು. ಭಾಷೆಯನ್ನೇ ಅರಿಯದ ಪರೀಕ್ಷಕನಿಗೆ ಆ ಪ್ರೀತಿಯಿಲ್ಲ, ಆ ಪಕ್ಷಪಾತವೂ ಇಲ್ಲ. ಆದುದರಿಂದ ದೂರದವನ ತೀರ್ಪನ್ನು ಕಲಾವಿದನು ಬಯಸುವದು ಬರಿಯ ವ್ಯಾಮೋಹವೆನ್ನಲಾಗದು.

ಇನ್ನು ಹೋಗುವದೋ ಇರುವದೋ ಎಂಬ ಪ್ರಶ್ನೆ. ಜಪಾನದ ಅಕಿರ ಕುರೊಸಾವನ ‘ರಾಶೊಮಾನ್’ ಚಿತ್ರವು 1951ರಲ್ಲಿ ವೆನಿಸಿನ ಪರಮ ಪ್ರಶಸ್ತಿಯನ್ನು ಪಡೆದಾಗ ಆತನು ಅಲ್ಲಿರಲಿಲ್ಲ; ತನ್ನ ಚಿತ್ರವನ್ನು ಅಲ್ಲಿಗೆ ಕಳುಹಿಸಿದ್ದೂ ಆತನಿಗೆ ಗೊತ್ತಿರಲಿಲ್ಲ. ಕೃತಿಗೆ ತನ್ನದೇ ಕಾಲುಗಳಿರುವವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಈ ಸೀಮೆಯವರು ಇದಕ್ಕಾಗಿ ಜಪಾನಕ್ಕೆ ಹೋಗಬೇಕಾದುದೂ ಇಲ್ಲ. ಕುಮಾರವ್ಯಾಸನು ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿಯೇ ಕುಳಿತು ಭಾರತವನ್ನು ರಚಿಸಿದನೆಂಬುದು ಐತಿಹ್ಯ; ಅವನ ಕಾವ್ಯವಾದರೋ ಗಮಕಿಗಳ ಕಂಠವೇರಿ ನಾಡೆಲ್ಲ ಸಂಚರಿಸಿತು. ಪಂಪನು ದೂರದ ವೇಮುಲವಾಡದಲ್ಲಿ ಅರಿಕೇಸರಿಯ ಆಶ್ರಯದಲ್ಲಿದ್ದವನು. ಆದರೆ 941ರ ಸುಮಾರಿಗೆ ಕಾವ್ಯ ಬರೆಯುವಾಗ ತನ್ನ ನುಡಿ ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡವೆಂದು ಅಭಿಮಾನಪಟ್ಟನು. ಒಬ್ಬನು ಇದ್ದು ಗೆದ್ದನು, ಒಬ್ಬನು ಹೋಗಿ ಗೆದ್ದನು. ಹೋಗುವದರಲ್ಲಿ ಪುಣ್ಯವಿಲ್ಲ, ಇರುವದರಲ್ಲಿ ದೋಷವಿಲ್ಲ.

ಹಾಗಾದರೆ ವಿವೇಚನೆಯ ಗೆರೆ ಎಲ್ಲಿ? ಅದು ವೇಗಕ್ಕೂ ತ್ವರೆಗೂ ನಡುವೆ ಇರುವದು. ವೇಗವು ದೇಹದ ಧರ್ಮ, ತ್ವರೆಯು ಚಿತ್ತದ ವಿಕಾರ. ವೇಗದಲ್ಲಿರುವವನು ಇದ್ದಲ್ಲಿ ಪೂರ್ತಿಯಾಗಿ ಇರಬಲ್ಲನು. ತ್ವರೆಯುಳ್ಳವನು ಒಂದು ವರ್ಷ ನಿಂತರೂ ಅಲ್ಲಿರಲಾರನು.

ಶಂಕರನಾಗನ ಜೀವಿತವು ಇದಕ್ಕೆ ನಿದರ್ಶನ. ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ ಎಂಬ 1978ರ ಚಿತ್ರವು ಕುರೊಸಾವನ ಸಮುರಾಯಿ ಚಿತ್ರಗಳಿಂದ ಸ್ಫೂರ್ತಿ ಪಡೆದು, ಕನ್ನಡ ನಾಡಿನ ಮಧ್ಯಯುಗದ ಕೂಲಿಯೋಧನ ಕಥೆಯನ್ನು ಹೇಳಿತು. ಆ ಯೋಧನ ಪಾತ್ರಕ್ಕಾಗಿ 1979ರ ಜನವರಿಯಲ್ಲಿ ದಿಲ್ಲಿಯ ಅಂತರರಾಷ್ಟ್ರೀಯ ಉತ್ಸವದಲ್ಲಿ ಶಂಕರನಾಗನಿಗೆ ಶ್ರೇಷ್ಠ ನಟನ ಪ್ರಶಸ್ತಿ ಬಂದಿತು. ಆಗ ವಯಸ್ಸು 24. ಅಲ್ಲಿಂದ ಮುಂದಿನ ಹನ್ನೊಂದು ವರ್ಷಗಳಲ್ಲಿ ಆತನು ನಟನೆ, ನಿರ್ದೇಶನ, ರಂಗಭೂಮಿಗಳನ್ನು ಒಟ್ಟಿಗೆ ನಡೆಯಿಸಿದನು. 1980ರ ‘ಮಿಂಚಿನ ಓಟ’, ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಇವು ಆತನ ನಿರ್ದೇಶನದವು. 1990ರ ಸಪ್ಟಂಬರ 30ರಂದು, ಲೋಕಾಪುರದ ಚಿತ್ರೀಕರಣಕ್ಕೆ ಹೊರಟಾಗ, ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ರಸ್ತೆಯ ಅಪಘಾತಕ್ಕೆ ತುತ್ತಾದನು. ಆ ಮರಣವನ್ನು ಹಿಡಿದು ಅವಸರದ ನೀತಿಪಾಠವನ್ನು ಹೇಳುವದು ಸುಲಭ. ಆದರೆ ಅದು ವಿಚಾರವೂ ಅಲ್ಲ, ದಯೆಯೂ ಅಲ್ಲ. ಸಾವು ನಿಧಾನಿಗಳನ್ನು ಬಿಟ್ಟಿಲ್ಲ. ಮಾಲ್ಗುಡಿಯ ಕಥೆಗಳಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತವರನ್ನು ಅಷ್ಟು ಸಾವಧಾನವಾಗಿ ತೋರಿಸಿದವನ ಚಿತ್ತದಲ್ಲಿ ತ್ವರೆಯಿತ್ತೆಂದು ಹೇಳಲಾಗದು. ಓಡಿದುದು ಕಾಲು, ಕಣ್ಣು ನಿಂತೇ ಇತ್ತು.

ಆತನಿಗೆ ಎರಡನೆಯ ಮನ್ನಣೆಯೊಂದೂ ದೊರೆಯಿತು. ‘ಆಟೋ ರಾಜ’ ಎಂಬ 1980ರ ಚಿತ್ರದ ತರುವಾಯ ನಾಡಿನ ಆಟೋ ಚಾಲಕರು ಆತನನ್ನು ತಮ್ಮವನೆಂದು ಬಗೆದರು. ಆತನು ತೀರಿ ಮೂರು ದಶಕಗಳು ಕಳೆದರೂ ಅವರ ವಾಹನಗಳ ಮೇಲೆ ಆತನ ಚಿತ್ರವು ಉಳಿದಿದೆ. ಮೊದಲನೆಯದು ಪರೀಕ್ಷೆ, ಎರಡನೆಯದು ಪ್ರೀತಿ. ಪರೀಕ್ಷೆಯು ಒಂದು ಪಕ್ಷದೊಳಗೆ ಮುಗಿಯುವದು. ಪ್ರೀತಿಗೆ ಆಯುಷ್ಯವೇ ಬೇಕು. ಒಂದರಿಂದ ಮತ್ತೊಂದನ್ನು ಅಳೆಯುವದು ಸೇರಿನಿಂದ ಬಟ್ಟೆಯನ್ನು ಅಳೆದಂತೆ.

ಆದರೆ ಉತ್ಸವಕ್ಕೆ ಹೋಗಿಬಂದವನ ಮೇಲೆ ಒಂದು ಋಣ ಉಳಿಯುವದು. ದೂರದ ನಗರಗಳಲ್ಲಿ ಮೆಚ್ಚುಗೆ ಪಡೆದ ಎಷ್ಟೋ ಕನ್ನಡ ಚಿತ್ರಗಳು ಶಿರಹಟ್ಟಿ, ಮುಂಡರಗಿಗಳಂತಹ ಊರುಗಳ ಪ್ರೇಕ್ಷಕರಿಗೆ ಹೆಸರಿನಿಂದ ಮಾತ್ರ ಪರಿಚಿತವಾಗಿರುವವು. ಯಾರ ಬಾಳನ್ನು ತೋರಿಸಿ ಪತಾಕೆಯನ್ನು ಗೆದ್ದರೋ ಅವರೇ ಅದನ್ನು ಕಾಣದಿದ್ದರೆ ಆ ಗೆಲುವು ಅರ್ಧ. ಗಂಗೆಗೆ ಹೋದವನು ಗಿಂಡಿಯ ತುಂಬ ನೀರು ತಂದು ಮನೆಯವರಿಗೆ ಹನಿಸುವ ರೂಢಿಯುಂಟು. ಅವನು ಕಾಶಿಯಲ್ಲಿ ಎಷ್ಟು ದಿನ ಇದ್ದನೆಂದು ಮನೆಯವರು ಲೆಕ್ಕ ಕೇಳುವದಿಲ್ಲ, ಗಿಂಡಿಯನ್ನು ಕೇಳುವರು. ಉತ್ಸವದಿಂದ ಬಂದವನನ್ನೂ ಹಾಗೆಯೇ ಕೇಳುವದು ನ್ಯಾಯ. ದಿನಗಳು ಎರಡಾಗಿರಲಿ ಇಪ್ಪತ್ತಾಗಿರಲಿ, ತುಂಬಿದ ಗಿಂಡಿಯೊಡನೆ ಬಂದವನ ಯಾತ್ರೆಯು ಸಾರ್ಥಕವಾದುದೆಂದು ತಿಳಿಯಬೇಕು.